ಬೆಕ್ಕು ಹತ್ತದ ಮರ

ಮೇಲೆ ನೋಡಬೇಡ, ದುವಾರ್ತೆ. ಕೆಳಗೆ ನೋಡು.
ಮರದ ಹೆಸರು ಕೇಳುವವರೆಲ್ಲ ಕತ್ತು ಎತ್ತುತ್ತಾರೆ.
ನಾನು ಹದಿನೇಳು ವರ್ಷದಿಂದ ಬಗ್ಗಿಯೇ ಓದಿದವಳು
ಈ ಬೀದಿಯನ್ನು, ಕಸಬರಿಗೆಯ ತುದಿಯಿಂದ.

ಇಲ್ಲಿ, ಟ್ರಾಮ್ ಹಳಿಯ ಪಕ್ಕ,
ಬಿಳಿಕಲ್ಲಿಗೆ ಅಂಟಿ ಕೂತಿದೆಯಲ್ಲ, ಅಂಗೈಯಷ್ಟು ಹೂವು:
ಎಣಿಸು, ಎಸಳು ಐದು.
ತುದಿಗೆ ಗುಲಾಬಿ, ಒಳಗೆ ಕೆನೆ,
ಕೆನೆಯ ಮೇಲೆ ಕಂದು ಗೀರು,
ಪೆನ್ನು ಮೂಡುತ್ತದೋ ಇಲ್ಲವೋ ಎಂದು
ಯಾರೋ ಗೀಚಿ ನೋಡಿದ ಹಾಗೆ.

ಜಕರಂದಾ ಉದುರುವುದು ಮೇ ಜೂನಿನಲ್ಲಿ,
ಆಗ ಲಿಸ್ಬನ್ನಿಗೆ ಲಿಸ್ಬನ್ನೇ ಫೋಟೋ ಹಿಡಿಯುತ್ತದೆ.
ಇದು ಉದುರುವುದು ಅಕ್ಟೋಬರಿಗೆ, ಮೊದಲ ಮಳೆಗೆ,
ನೋಡುವವರು ಸೂಟ್‌ಕೇಸು ಎಳೆದುಕೊಂಡು ಹೋದ ಮೇಲೆ.
ಲೋಳೆ.
ಔಷಧದಂಗಡಿಯ ಸೆನ್ಯೋರ್ ಅಬೀಲಿಯೊ ಜಾರಿ ಬಿದ್ದು
ಮರದ ಮೇಲೆ ದೂರು ಕೊಟ್ಟಿದ್ದ;
ಯಾವ ಮರವೆಂದು ಬರೆದಿಲ್ಲವೆಂದು
ಕಚೇರಿಯವರು ಅರ್ಜಿ ಹಿಂದಿರುಗಿಸಿದರು.

ಈಗ ಸೊಂಟ ನೋಡು. ಬುಡ ಸಣ್ಣ, ನಡು ದಪ್ಪ,
ಏಳು ತಿಂಗಳ ಬಸುರಿ ಬಸ್ಸಿಗೆ ಕಾದು ನಿಂತ ಹಾಗೆ.
ಹಸಿರು ತೊಗಟೆ. ಮೈತುಂಬ ಮುಳ್ಳು,
ಗುಲಾಬಿ ಗಿಡದ್ದಲ್ಲ,
ಆಡಿನ ಮರಿಗೆ ಆಗತಾನೆ ಮೂಡಿದ ಕೋಡಿನಂಥದ್ದು.
ನಾನಿಟ್ಟ ಹೆಸರು: ಬೆಕ್ಕು ಹತ್ತದ ಮರ.
ನಗಬೇಡ, ಅದೂ ಒಂದು ಗುರುತು.
ಗಿಳಿಗಳು ಮಾತ್ರ ಬರುತ್ತವೆ,
ಪಂಜರ ತಪ್ಪಿಸಿಕೊಂಡವುಗಳ ಮೊಮ್ಮಕ್ಕಳು;
ಹೂವಿನ ಬುಡ ಕಚ್ಚಿ, ಹೀರಿ,
ಉಳಿದದ್ದನ್ನು ನನ್ನ ತಲೆಗೆ ಎಸೆಯುತ್ತವೆ.

ನಮ್ಮಲ್ಲಿ, ಬಿಸ್ಸಾವ್ ದಾಟಿ, ಕಾಶೇವು ಹೊಳೆಯ ಆಚೆ,
ಪೊಯ್ಲಾಂವ್ ಅಂತ ಇದೆ.
ಅದರ ಬೇರಿನ ಗೋಡೆಗಳ ನಡುವೆ ಹತ್ತು ಮಂದಿ ಕೂತು
ಒಂದು ಹಸುವಿನ ಜಗಳ ಮೂರು ದಿನ ಆಡಬಹುದು.
ಎಳೆಯದರಲ್ಲಿ ಅದಕ್ಕೂ ಇದೇ ಕೋಡು.
ಹೂ ಬೇರೆ: ಬಿಳಿಚು, ಬಾವಲಿಗೆ ಹಿಡಿಸುವ ವಾಸನೆ.
ಆದರೆ ಕಾಯಿ ಒಡೆದರೆ ಅರಳೆ. ಅದೇ ಅರಳೆ!
ಮೊದಲ ವರ್ಷ, ಏಪ್ರಿಲಿನಲ್ಲಿ, ಈ ಬೀದಿಗೆ ಅರಳೆ ಹಾರಿದಾಗ
ಕಸಬರಿಗೆ ಕೆಳಗಿಟ್ಟುಬಿಟ್ಟೆ.
ಅಜ್ಜಿಯ ದಿಂಬನ್ನು ಯಾರಾದರೂ ಗುಡಿಸುತ್ತಾರೆಯೇ?

ಮೇಸ್ತ್ರಿ ಬೈದ. ಗುಡಿಸಿದೆ.
ಸುಮ್ಮನೆ ಗುಡಿಸಿದರೆ ಓಡುತ್ತದೆ ಅದು,
ನೀರು ಚಿಮುಕಿಸಬೇಕು.

ಅದಕ್ಕೇ ಹೇಳಿದ್ದು, ಪೊಯ್ಲಾಂವ್ ಅಲ್ಲ ಇದು,
ಅದರ ಚಿಕ್ಕಮ್ಮನ ಮಗಳು,
ಕಡಲಾಚೆಯ ಮನೆಯವಳು.
ಏನನ್ನುತ್ತದೆ ನಿನ್ನ ಹಲಗೆ? ಬ್ರೆಜಿಲ್?
ನೋಡು.

ಬರೆದುಕೋ: ಇಪ್ಪತ್ತೆರಡು ಮರ, ಒಂದು ಹೆಸರು.
ಇಪ್ಪತ್ತಮೂರನೆಯದಕ್ಕೆ, ಆ ಬ್ಯಾಂಕಿನ ಮೂಲೆಯದಕ್ಕೆ,
ಅವಸರ ಬೇಡ.
ಅದರ ಹೂ ಬರೀ ಕೆನೆ, ಹಳದಿಯಾಗಿ ಬಾಡುತ್ತದೆ.
ಮುಳ್ಳೂ ಕಡಿಮೆ.
ತಂಗಿಯೋ, ನರ್ಸರಿಯವರು ಕಣ್ತಪ್ಪಿ ಕೊಟ್ಟದ್ದೋ,
ನನಗೆ ಗೊತ್ತಿಲ್ಲ.
ಸೋಮವಾರ ಬಾ,
ಮೊಸರಿನ ಡಬ್ಬಿಯಲ್ಲಿ ಎರಡು ಎತ್ತಿಟ್ಟಿರುತ್ತೇನೆ.

ನನ್ನ ಹೆಸರೂ ಬೇಕೆ, ಮಾಹಿತಿ ಕೊಟ್ಟವರು ಅಂತ?
ಈ ಬಿಲ್ಲೆ ನೋಡಿ ಬರೆಯಬೇಡ,
ಅದರಲ್ಲಿ ನೀನಾ ಅಂತಿದೆ.
ಞಿಮಾ.
ನಾಲಿಗೆ ಅಂಗುಳಕ್ಕೆ ಒತ್ತು. ಞಿ.
ಅಲ್ಲ. ಇನ್ನೊಮ್ಮೆ.
ಹಾಂ, ಹತ್ತಿರ ಬಂತು.

ಟ್ರಾಮ್ ಬಂತು, ಈಚೆ ಸರಿ.
ಹೂ ತುಳಿಯಬೇಡ, ಜಾರುತ್ತದೆ.