ಬಂದೋಬಸ್ತು

ಗಡಿಯಾಚೆಯ ದೊಡ್ಡವರು ದೆಹಲಿಗೆ ಬರುತ್ತಾರಂತೆ.
ಬೈಲುಕುಪ್ಪೆ ಠಾಣೆಗೆ ಸುತ್ತೋಲೆ ಬಂತು:
ಮೂರು ದಿನ ಗುಂಪು ಬೇಡ, ಘೋಷಣೆ ಬೇಡ,
ಬಾವುಟವಂತೂ ಬೇಡವೇ ಬೇಡ.

ಲಾಠಿಯನ್ನು ಬೈಕಿಗೆ ಸಿಕ್ಕಿಸಿ
ನಾಲ್ಕನೇ ಕ್ಯಾಂಪಿಗೆ ಹೋದೆ.
ಚೋಕಿಯಮ್ಮ ಮುಸುಕಿನ ಜೋಳ ಸುಲಿಯುತ್ತಿದ್ದಳು.
'ಬಾ ಬೋರಯ್ಯ, ಕೂತ್ಕೊ.'
ಅಪ್ಪಟ ಪಿರಿಯಾಪಟ್ಟಣದ ಕನ್ನಡ.
ಉಪ್ಪು, ಬೆಣ್ಣೆ ಹಾಕಿದ ಟೀ ಬಂತು.
ಹೇಳಬೇಕಾದ್ದು ಲೋಟದಲ್ಲೇ ಕೆನೆಗಟ್ಟಿತು.

ಅವಳೇ ಒಳಗೆ ಹೋಗಿ
ಮಡಿಸಿದ್ದನ್ನು ತಂದು ಕೈಗಿಟ್ಟಳು:
'ಹೆದರಿದೋರು ಹೆದರ್ಲಿ.
ನಿಮ್ ಠಾಣೆ ಸೋರುತ್ತೆ, ನೆನೆಸ್ಬೇಡ.
ನಮ್ಮವ್ವ ಹೊಲ್ದಿದ್ದು.
ನಾಲ್ಕನೇ ದಿನ ತಂದ್ಕೊಡು.'

ಈಗ ಬೀರುವಿನಲ್ಲಿ ಎರಡು ಹಿಮಸಿಂಹ,
ಕಳವಿನ ತಾಮ್ರದ ಬಿಂದಿಗೆಯ ಪಕ್ಕ.

ರಿಜಿಸ್ಟರಿನಲ್ಲಿ ಏನಂತ ಬರೆಯಲಿ?
ಬಹಳ ಹೊತ್ತು ಪೆನ್ನು ಹಿಡಿದಿದ್ದು
ಬರೆದೆ:
ಬಟ್ಟೆ, ಒಂದು. ಒಣಗಿದ್ದು.