ಕಡಂಗದ ಅಳತೆ

ಟೇಪಿನ ಸೊನ್ನೆಯ ತುದಿ ಬೊಳಕನ ಕೈಲಿ,
ಇನ್ನೊಂದು ನನ್ನ ಕೈಲಿ.
ನಡುವೆ, ಕೊಯ್ಲು ಮುಗಿದ ಕಾಫಿಯ ಬುಡದಲ್ಲಿ,
ಹಳ್ಳವೂ ಅಲ್ಲದ ಗೋಡೆಯೂ ಅಲ್ಲದ
ಬರೀ ಮಣ್ಣಿನ ಒಂದು ಹಟ.

ತೋಟದ ನಕ್ಷೆಯಲ್ಲಿ ಇದು ಇಲ್ಲ.
ರೈಟರು ಇದನ್ನು ಚರಂಡಿ ಅನ್ನುತ್ತಾರೆ.
ಆಳ ನಾಲ್ಕು ಮೀಟರ್ ಇಪ್ಪತ್ತು,
ಏರಿಯ ನೆತ್ತಿಯಿಂದ ಹಿಡಿದರೆ ಆರೂವರೆ.
ಉದ್ದ ಗೊತ್ತಿಲ್ಲ:
ಈ ಕಡೆ ಬಾಳೆಲೆ ರಸ್ತೆ ಕಡಿದಿದೆ,
ಆ ಕಡೆ ಯಾರದೋ ಶುಂಠಿ ಗದ್ದೆ ನುಂಗಿದೆ.

ಹಿಂದೆ ಎರಡು ಬೇಸಿಗೆ
ಆಫ್ರಿಕದ ಮೂಡಣ ಕರೆಯ ಪಾಟೆ ದ್ವೀಪದಲ್ಲಿ
ಇದೇ ಟೇಪು ಹಿಡಿದಿದ್ದೆ.
ಅಲ್ಲಿ ಊರಿಗೆ ಊರೇ ಪಾಳು,
ಬಿದ್ದ ಮನೆಯ ನಡುಮನೆಯಲ್ಲಿ ಹೊಗೆಸೊಪ್ಪಿನ ಪಾತಿ.
ನಿಂತ ಗೋಡೆ ಹವಳದ ಕಲ್ಲಿನದು,
ಮೈತುಂಬ ಸಾಲುಗೂಡು,
ದೀಪಕ್ಕಲ್ಲ, ಚೀನಾದ ಬಟ್ಟಲು ಮೆರೆಸಲು.
ಬಟ್ಟಲು ಹೋಗಿವೆ, ಗೂಡು ಇವೆ.
ಗೂಡನ್ನು ಎಣಿಸಿ ಬಟ್ಟಲನ್ನು ಊಹಿಸುವುದಕ್ಕೆ
ನನಗೆ ಸಂಬಳ.

ಗಾರೆಯ ಮುದುಕ ಬಕಾರಿ ಹೇಳಿದ್ದ:
ಕಡಲೊಳಗೆ ಹವಳ ಬೆಣ್ಣೆ.
ಇಳಿತ ನೋಡಿ ಇಳಿಯಬೇಕು, ಎದೆಮಟ್ಟ ನೀರಲ್ಲಿ ಕೊಯ್ಯಬೇಕು,
ಹಸಿಯಿರುವಾಗಲೇ ಹೂ ಕೆತ್ತಬೇಕು.
ಗಾಳಿ ತಾಗಿತೋ, ಆಮೇಲೆ ಉಳಿಯ ಮಾತು ಕೇಳುವುದಿಲ್ಲ.

ನಮ್ಮ ಮುರಕಲ್ಲೂ ಹಾಗೇ, ಅಂದಿದ್ದೆ,
ಅರ್ಧ ಮಾತಲ್ಲಿ, ಅರ್ಧ ಕೈಯಲ್ಲಿ.
ಅವನು ನಕ್ಕಿರಲಿಲ್ಲ.
'ಹಾಗಾದರೆ ನಿಮ್ಮಲ್ಲೂ
ನೆನೆದವರು ಬೇರೆ,
ಒಣಗಿದ ಮೇಲೆ ಒಳಗೆ ಬಂದವರು ಬೇರೆ.'

ಫಾರಮ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ.
ಅಲ್ಲಿಯದೂ ಇಲ್ಲಿಯದೂ ಹೆಚ್ಚುಕಮ್ಮಿ ಒಂದೇ ಫಾರಮ್ಮು:
ಕಾಲ. ಸಾಮಗ್ರಿ. ಸದ್ಯದ ಸ್ಥಿತಿ. ಕಟ್ಟಿಸಿದವರು.

'ಮೇಡಂ, ನಿಲ್ಲಿ.'
ಅರವತ್ತಮೂರನೆಯ ಮೀಟರಿನಲ್ಲಿ ಬೊಳಕ ಕೂತ.
ನಲವತ್ತು ವರ್ಷ ಈ ತೋಟಗಳಲ್ಲಿ
ತೊಟ್ಟಿಲುಗುಂಡಿ ತೋಡಿದವನು,
ಗುಂಡಿಗಿಷ್ಟು ಎಂದು ಕೂಲಿ ಎಣಿಸಿಕೊಂಡವನು,
ಅಂಗೈಯನ್ನು ಮಣ್ಣಿನ ಮೇಲೆ
ದನದ ಬೆನ್ನು ಸವರಿದ ಹಾಗೆ ಸವರಿದ.
'ಇಲ್ಲಿಗೆ ಒಬ್ಬನ ಪಾಲು ಮುಗೀತು.
ಇಲ್ಲಿಂದ ಇನ್ನೊಬ್ಬ. ಇವನು ಎಡಚ.'

ಹೇಗೆ ಅಂದೆ.
ಗುದ್ದಲಿ ಇಲ್ಲದೆಯೇ ಗುದ್ದಲಿ ಎತ್ತಿ ತೋರಿಸಿದ:
ಬಲಗೈಯವನ ಮಣ್ಣು ಹೀಗೆ ಬೀಳುತ್ತದೆ,
ಇವನದು ನೋಡಿ, ಆ ಕಡೆ ವಾಲಿದೆ.
ಎಷ್ಟೋ ನೂರು ಮುಂಗಾರು ತೊಳೆದ ಏರಿಯಲ್ಲಿ
ಒಬ್ಬನ ಎಡಗೈ ಉಳಿಯುತ್ತದೆಯೇ?
ಇಲ್ಲ. ಓದಿದ್ದೆಲ್ಲ ಇಲ್ಲ ಅನ್ನುತ್ತದೆ.
ಕುಸಿತ ಇರಬಹುದು, ಬೇರು ಇರಬಹುದು,
ಆನೆ ಹತ್ತಿದ ದಾರಿಯೂ ಇರಬಹುದು.

'ತೋಡಿದ್ದು ನಮ್ಮವರೇ' ಅಂದ,
ಹೆಮ್ಮೆಯಿಲ್ಲ, ದೂರಿಲ್ಲ,
ಬೀಡಿ ಮುಗಿದಿದೆ ಎನ್ನುವ ದನಿ.
'ಅಜ್ಜಿ ಹೇಳೋಳು. ಗದ್ದೆಯ ಜೊತೆ ಆಳನ್ನೂ
ಬರೆದುಕೊಡುತ್ತಿದ್ದರಂತೆ. ಆಮೇಲೆ ಯುದ್ಧಕ್ಕೆ ಇದು.
ನಮಗೆ ಯಾರ ಮೇಲೆ ಯುದ್ಧ?'

ಕೆಳಗೆ ಯಾರೋ ಕಣದಲ್ಲಿ ಚೆರ್ರಿ ಕೆದಕುವ ಸದ್ದು.
ಪುಸ್ತಕ ತೆರೆದೆ. ಕಟ್ಟಿಸಿದವರು, ಎಂದಿತ್ತು ಅಚ್ಚಿನಲ್ಲಿ.
ಪೆನ್ಸಿಲಿನಿಂದ ನಡುವಿನ 'ಸಿ' ಒಂದನ್ನು ಹೊಡೆದೆ.
ಎಷ್ಟು ಸಣ್ಣ ಅಕ್ಷರ.
ಎಷ್ಟು ಜನ ಅದರ ಅಡಿಯಲ್ಲಿ.

ಅಂಚಿನಲ್ಲಿ ಬರೆದೆ: ೬೩ ಮೀ. ಎಡಚ?
ಪ್ರಶ್ನಾರ್ಥಕ ಚಿಹ್ನೆ ನನ್ನ ವಿದ್ಯೆಯದು,
ಬೊಳಕನದಲ್ಲ.
ಬೆರಳಚ್ಚಿಗೆ ಹೋಗುವಾಗ ಯಾರಾದರೂ ಅಳಿಸುತ್ತಾರೆ,
ನಾನೇ ಅಳಿಸಲೂಬಹುದು.

ಅವನು ತುದಿ ಬಿಟ್ಟ.
ಟೇಪು ತರಗೆಲೆಯ ಮೇಲೆ ಸರಸರ ಓಡಿ ಬಂದು
ಡಬ್ಬಿಯ ಬಾಯಲ್ಲಿ ಸಿಕ್ಕಿಕೊಂಡಿತು.
ಸೊನ್ನೆಯ ಕೊಕ್ಕೆಗೆ ಕೆಂಪು ಮಣ್ಣು.
ಒರೆಸಿದೆ, ಹೋಗಲಿಲ್ಲ.
ಹಾಗೇ ಒಳಗೆ ತಳ್ಳಿದೆ.