ಸುಣ್ಣದ ತಿಳಿ

ಶಿವಮೊಗ್ಗದಲ್ಲಿ ಮೂರು ದಿನ ತರಬೇತಿ,
ಆಟದ ಮೂಲಕ ಪಾಠ.
ಕೊನೆಯ ದಿನ ಊಟಕ್ಕೆ ಹೋಳಿಗೆಯೂ ಇತ್ತು.
ಸೊರಬದ ಬಸ್ಸಿನಲ್ಲಿ ನಿಂತೇ ಬಂದೆ,
ಚೀಲದಲ್ಲಿ ಒಂದು ಪ್ರಮಾಣಪತ್ರ,
ಯಾರದೋ ಮದುವೆಯಲ್ಲಿ ಉಳಿದ ಮೂವತ್ತು ಪ್ಲಾಸ್ಟಿಕ್ ಲೋಟ.

ಎಂಟನೇ ತರಗತಿ. ಸಾಂಕ್ರಾಮಿಕ ರೋಗಗಳು.
ಪುಸ್ತಕ ಮುಚ್ಚಿ ಅಂದದ್ದಕ್ಕೇ ಅರ್ಧ ಹಬ್ಬ.
ಇಪ್ಪತ್ತೊಂಬತ್ತು ಲೋಟಕ್ಕೆ ಬೋರ್‌ವೆಲ್ ನೀರು,
ಒಂದಕ್ಕೆ ಮಾತ್ರ
ರಾತ್ರಿಯಿಡೀ ಕೂತು ತಿಳಿಯಾದ ಸುಣ್ಣ.
ಕಣ್ಣಿಗೆ ಎಲ್ಲ ಒಂದೇ.

"ಇದು ಮಂಗನ ಕಾಯಿಲೆಯಾ ಮೇಡಂ?" ಅಂದಳು ಅಫ್ರೀನ್.
ಅಲ್ಲ, ಅದು ಉಣುಗು ಕಚ್ಚಿದರೆ ಬರೋದು.
ಇದೊಂದು ಸುಳ್ಳು ಜ್ವರ, ಹೆಸರು ನೀವೇ ಇಡಿ.
ವಾದವಾಗಿ, ಜಗಳವಾಗಿ, ಕೈಯೆತ್ತಿ ಎಣಿಸಿ,
'ಹೋಮ್‌ವರ್ಕ್ ಜ್ವರ' ಬಹುಮತದಿಂದ ಗೆದ್ದಿತು.

ನಿಯಮ ಹೇಳಿದೆ: ಐದು ಜನರ ಹತ್ತಿರ ಹೋಗಿ.
ನಿಮ್ಮ ನೀರು ಅವರಿಗೆ ಸ್ವಲ್ಪ, ಅವರದು ನಿಮಗೆ ಸ್ವಲ್ಪ.
ಯಾರೂ ಕುಡಿಯಬಾರದು.
ಯಾರ ಹತ್ತಿರ ಅಂತ ಹೇಳಲಿಲ್ಲ.
"ಅವರಿಗೇ ಬಿಡಿ," ಅಂದಿದ್ದರು ತರಬೇತಿಯಲ್ಲಿ,
"ಆಟ ತಾನಾಗಿ ನಡೆಯಲಿ."

ನಡೆಯಿತು.
ಮೆಲ್ವಿನ್ ಬೆಂಚು ಹಾರಿದ, ಸಿಂಚನಾಳ ತೋಳೆಲ್ಲ ಒದ್ದೆ,
ಹೆಡ್‌ಮಾಸ್ತರು ಬಾಗಿಲಲ್ಲಿ ತಲೆ ತೂರಿಸಿ
ಏನೂ ಕೇಳದೆ ಹೋದರು.
ನಾನೂ ಒಂದು ಲೋಟ ಹಿಡಿದು
ಮುಂದಿನ ಬೆಂಚಿನವರ ಜೊತೆ ಸುರಿದೆ, ಸುರಿಸಿಕೊಂಡೆ.

ಆಮೇಲೆ ಅರಿಶಿನ ಕದಡಿದ ನೀರು, ಹನಿ ಹನಿ.
ಕೆಂಪು. ಹಳದಿ. ಕೆಂಪು. ಕೆಂಪು.
ಆರತಿ ತಟ್ಟೆಯಲ್ಲಿ ಹುಟ್ಟಿನಿಂದ ನೋಡಿದ ಬಣ್ಣ,
ಆದರೂ ತಮ್ಮ ಲೋಟ ಕೆಂಪಾದಾಗ ಚೀರಿದರು.
ಇಪ್ಪತ್ತೆರಡು. ನನ್ನದೂ ಸೇರಿ.

ಯಾರಿಂದ ಯಾರಿಗೆ? ಹೇಳ್ತಾ ಹೋಗಿ, ಗೆರೆ ಎಳೀತೀನಿ.
ಬೋರ್ಡಿನ ತುಂಬ ಹೆಸರು, ಹೆಸರಿಂದ ಹೆಸರಿಗೆ ಗೆರೆ,
ಒಣಗಹಾಕಿದ ಮೀನುಬಲೆಯ ಹಾಗೆ.
ಹಳದಿ ಉಳಿದ ಎಂಟರಲ್ಲಿ ಏಳಕ್ಕೂ ಗೆರೆಯಿತ್ತು, ಅದೃಷ್ಟ ಅಷ್ಟೆ.
ಬಲೆಯಾಚೆ, ಬಲಗಡೆ ಮೂಲೆಯಲ್ಲಿ,
ನನ್ನದೇ ಅಕ್ಷರದಲ್ಲಿ,
ಗುತ್ಯಪ್ಪ.
ಒಂದೂ ಗೆರೆಯಿಲ್ಲ.

"ನಿಂದು ಅರ್ಧ ಖಾಲಿಯಲ್ಲೋ. ಯಾರಿಗೆ ಕೊಟ್ಟೆ?"
"ಕುಡ್ದೆ ಮೇಡಂ."
"ಸುಣ್ಣದ್ದಾಗಿದ್ರೆ?"
"ಮೊದ್ಲೇ ಮೂಸಿದ್ದೆ.
ಆಮೇಲೆ ಯಾರೂ ಬರ್ಲಿಲ್ಲ."

ಗೆದ್ದ, ಗುತ್ಯ ಗೆದ್ದ, ಅಂತ ಹಿಂದಿನಿಂದ ಯಾರೋ ಕೂಗಿದರು.
ಚಪ್ಪಾಳೆ. ಅವನೂ ತಟ್ಟಿಕೊಂಡ.
ಅಫ್ರೀನ್ ಮಾತ್ರ
ಬೋರ್ಡು ನೋಡುತ್ತಾ ನಿಂತಿದ್ದಳು.

ಈ ಶಾಲೆಗೆ ಬಂದು ಎರಡು ವರ್ಷ.
ದಿನಾ ಹಾಜರಿಯಲ್ಲಿ ಆ ಹೆಸರು ಕೂಗಿದ್ದೇನೆ,
ದಿನಾ "ಎಸ್ ಮೇಡಂ" ಕೇಳಿಸಿದೆ.
ಬಿಸಿಯೂಟದ ಸಾಲಿನಲ್ಲಿ ಅವನು ಯಾವಾಗಲೂ ಕೊನೆಗೇ ಯಾಕೆ ಅಂತ,
ನಲ್ಲಿಗೆ ಬಾಯಿಡದೆ ಬೊಗಸೆಯಲ್ಲೇ ಯಾಕೆ ಅಂತ
ಕೇಳಿದ್ದಿಲ್ಲ. ಕೇಳಲು ಏನೂ ಕಂಡಿರಲಿಲ್ಲ.

ವರದಿಯ ನಮೂನೆ ತುಂಬಬೇಕಿತ್ತು.
'ಮಕ್ಕಳು ಕಲಿತದ್ದು', ಎರಡು ಸಾಲಿನ ಜಾಗ.
ರೋಗ ಹರಡುವ ಬಗೆ, ಅಂತ ಬರೆದು
ಸಹಿ ಮಾಡಿದೆ.

ಸಂಜೆ ಲೋಟ ತೊಳೆಯಲು ಕೂತರೆ
ಅವನೇ ಬಂದು ಪಕ್ಕ ಕುಕ್ಕರಿಸಿದ.
ಎಲ್ಲರ ಕೆಂಪನ್ನೂ ತಿಕ್ಕಿ ತೆಗೆದು
ಒಂದೊಂದೇ ಬೋರಲು ಹಾಕಿದ, ಕಟ್ಟೆಯ ಉದ್ದಕ್ಕೆ.
"ನಾಳೆನೂ ಆಡ್ಸ್ತೀರಾ ಮೇಡಂ?"
ಆಡೋಣ.
"ಹಂಗಾದ್ರೆ ಸುಣ್ಣದ ಲೋಟ ನಂಗೆ ಕೊಡಿ. ಯಾರ್ಗೂ ಹೇಳ್ಬ್ಯಾಡಿ."
ಯಾಕೋ?
ನಕ್ಕ. ನೀರು ಕೊಡವಿ ಎದ್ದು ಹೋದ.

ಈಗ ರಾತ್ರಿ. ಚೊಂಬಿನಲ್ಲಿ ಸುಣ್ಣ ಕದಡಿಟ್ಟಿದ್ದೇನೆ,
ಇನ್ನೂ ಬೆಳ್ಳಗಿದೆ, ತಳ ಹಿಡಿದಿಲ್ಲ.
ಚೀಟಿ ಎತ್ತಿ ಜೋಡಿ ಮಾಡಲೋ,
ಅವರಿಗೇ ಬಿಡಲೋ.